ಫೂಟಿಗೊಂದು ನೂಲು

ನಾಲ್ಕು ಮಂದಿ ಕೂಡಿ ಮ್ಯಾಲಿನ ಫೈಬರ್ ಸಿಪ್ಪಿ ಎತ್ತಿದಿವಿ,
ಗಡಿಗಿ ಮುಚ್ಚಳ ಎತ್ತಿಧಾಂಗ.
ಒಳಗ ಕಬ್ಬಿಣ ಇರಲಿಲ್ಲ.
ದಸ್ತಗೀರ ಟಾರ್ಚ್ ಹಿಡದು ಹೌಹಾರಿದ:
'ಕಾಕಾ, ಇದರ ಎಲುಬೆಲ್ಲಾ ಕಟಗಿ!'
ಹಾಳಿ ಮ್ಯಾಲ ಹಾಳಿ ಅಂಟಿಸಿದ ಪ್ಲೈವುಡ್ಡಿನ ಚಾಸಿ,
ಚಹಾದಾಗ ಅದ್ದಿ ಮರತ ಬಿಸ್ಕೀಟಿನಂಗ
ತುದಿಗೆ ಉಬ್ಬಿ, ಬಾಯಿ ಬಿಟ್ಟು.

ಕ್ಯಾಂಪಿನ ಎಸ್ಮೆರಾಲ್ಡಾ ಬಾಯಿಯವರ ಗಾಡಿ.
'ಅಣ್ಣ ಮುಂಬೈ ಬಂದರದಾಗ ಕೊಂಡಿದ್ದ.
ಚೋರ್ಲಾ ಘಾಟಿನಾಗ ಒಂದು ಶ್ರಾವಣ ತೊಯ್ದದ್ದು
ಹೊಳ್ಳಿ ಒಣಗಲೇ ಇಲ್ಲ' ಅಂದ್ರು.
ಮೂವತ್ತು ವರ್ಷ ಕೋಳಿಗೂಡಿನ ಮಗ್ಗಲ ನಿಂತಿತ್ತು.
ಸೀಟಿನ ಸ್ಪ್ರಿಂಗಿನಾಗ ಇನ್ನೂ ಒಂದು ತತ್ತಿಯ ಸಿಪ್ಪಿ.

ಇಂಜಿನ್ನು ದಸ್ತಗೀರಗ. ಕಟಗಿ ನನಗ.
ಆದ್ರ ನಾ ಎಂಥಾ ಬಡಿಗ, ಅದನ್ನ ಹೇಳಬೇಕು.
ಉದ್ಯಮಬಾಗದ ಫೌಂಡ್ರಿಯೊಳಗ ಮೂವತ್ತೆಂಟು ವರ್ಷ
ಪ್ಯಾಟರ್ನ್ ಮಾಡೇನಿ.
ಪಂಪಿನ ಹೊಟ್ಟಿ, ವಾಲ್ವಿನ ಗಂಟಲು, ಗೇರಬಾಕ್ಸಿನ ಬೆನ್ನು,
ಎಲ್ಲಾ ಮೊದಲು ನನ್ನ ಕೈಯಾಗ ಸಾಗವಾನಿ.
ಉಸುಕಿನಾಗ ಒತ್ತತಾರ, ತಗೀತಾರ,
ಆ ಖಾಲಿ ಜಾಗಾದಾಗ ಕಬ್ಬಿಣ ಸುರೀತಾರ.
ಕಬ್ಬಿಣ ಲಾರಿ ಹತ್ತಿ ಊರೂರಿಗೆ ಹೋಗತದ.
ಕಟಗಿ ಹೊಳ್ಳಿ ಬಂದು ಅಟ್ಟದ ಮ್ಯಾಲ
ನಂಬರ್ ಹಚ್ಚಿಕೊಂಡು ಕೂಡತದ.

ಕಾಯ್ದ ಕಬ್ಬಿಣ ಆರಿದ್ರ ಕುಗ್ಗತದ, ಫೂಟಿಗೊಂದು ನೂಲು.
ಅದಕ್ಕ ನಮ್ಮ ಪಟ್ಟಿನ ಬ್ಯಾರೆ:
ಹನ್ನೆರಡು ಇಂಚು ಅಂತ ಬರದಿರತದ,
ಇರೂದು ಒಂದು ನೂಲು ಜಾಸ್ತಿ.
ಉಸ್ತಾದ ಮಾನಪ್ಪ ಅದನ್ನ ಕೊಡುವಾಗ ಅಂದಿದ್ದ:
'ಇದು ಸುಳ್ಳು ಹೇಳತದ ತಮ್ಮಾ, ನಂಬು.'
ನಂಬಿದ್ದೆ.

ಕೊಲ್ಹಾಪುರದಿಂದ ನೀರು ಕುಡಿಯದ ಪ್ಲೈ ಬಂತು.
ಐದು ಫೂಟಿನ ಎಡಮಗ್ಗಲ ಹಲಗಿ
ಅಳದೆ, ಕೊಯ್ದೆ, ಉಜ್ಜಿದೆ, ತಂದು ಇಟ್ಟೆ.
ಕೂಡವಲ್ದು.
ಐದು ನೂಲು ಹೆಚ್ಚಿಗಿ.
'ಹಳೇ ಗಾಡಿನ ಸೊಟ್ಟ' ಅಂದ ದಸ್ತಗೀರ.
ನಾ ಪಟ್ಟಿ ನೋಡಿದೆ, ಹಲಗಿ ನೋಡಿದೆ, ಪಟ್ಟಿ ನೋಡಿದೆ.
ಕುಗ್ಗೂ ಕಬ್ಬಿಣಕ್ಕ ಜಾಗಾ ಬಿಟ್ಟಿದ್ದೆ.
ಬರೂ ಕಬ್ಬಿಣನ ಇರಲಿಲ್ಲ.

ತುದಿ ಕೊಯ್ದ್ರ ಕೂಡತಿತ್ತು, ಖರೇ.
ಆದ್ರ ಅದರಾಗಿನ ತೂತು, ತಿರುವು, ಗಾಡಿ ಒಂದೊಂದೂ
ತನ್ನ ಜಾಗಾ ಬಿಟ್ಟು ಚೂರು ಚೂರು ಸರದಿದ್ದವು.

ಸಂಜಿಮುಂದ ಖಡೇಬಜಾರಿಗೆ ಹೋಗಿ ಖರೇ ಪಟ್ಟಿ ಕೇಳಿದೆ.
'ಸುಳ್ಳು ಪಟ್ಟಿನೂ ಇರತಾವೇನು ಅಜ್ಜಾ?' ಹುಡುಗ ನಕ್ಕ.
ಎಪ್ಪತ್ತು ರೂಪಾಯಿ.
ಮನಿಯಾಗ ಎರಡನ್ನೂ ಮಗ್ಗಲಿಗಿಟ್ಟು ನೋಡಿದೆ.
ಹನ್ನೆರಡರ ತುದಿಗೆ ಉಗುರಿನ ಬಿಳಪಿನಷ್ಟು ಸಂದು.
ಇಷ್ಟರ ಸಲುವಾಗಿ ಎಷ್ಟು ಮಂದಿ ಕೂಡ ಜಗಳಾಡೇನಿ!
ಮನಿ ಕಿಡಕಿ, ಮಗಳ ತೊಟ್ಟಿಲಾ, ಎಲ್ಲಾ ಇದರಲೇ ಅಳದದ್ದು
ಅಂತ ಆಗ ನೆನಪಾತು.
ಒಳಗಿಂದ ಚನ್ನವ್ವ: 'ಅದಕ್ಕ ಆ ತೊಟ್ಟಿಲಾ
ಬಾಗಲದಾಗ ಹಿಡೀಲಿಲ್ಲ ನೋಡ್ರಿ!'

ಆ ಉದ್ದಾದ ಹಲಗಿ ಗ್ಯಾರೇಜಿನಾಗ
ಚಹಾ ಕುಡಿಯೂ ಬಾಕಾಯಿತು.
ಹೊಸದು ಕೂತಿತು, ತಳ್ಳದ, ಬಡಿಯದ,
ಉಸಿರು ಬಿಟ್ಟಂಥಾ ಒಂದು ಸಪ್ಪಳ ಮಾಡಿ.

ಐದು ತಿಂಗಳ ಮ್ಯಾಲ ಗಾಡಿ ಎದ್ದಿತು.
ಬಾಯಿಯವರು ನನ್ನ ಮಗ್ಗಲ ಕೂಡಿಸಿಕೊಂಡು ಟಿಳಕವಾಡಿಗೆ ಹೊಡದ್ರು.
ಕುಂಡಿ ನೆಲಕ್ಕ ಹತ್ತೂವಷ್ಟು ಕೆಳಗ.
ಎರಡನೇ ಗೇಟ್ ಬಿದ್ದಿತ್ತು. ಮಂದಿ ಸುತ್ತಗಟ್ಟಿದ್ರು.
ಒಬ್ಬಾಂವ ಬಾನೆಟ್ ತಟ್ಟಿ ಅಂದ:
'ಹಳೇ ಕಾಲದ ಕಬ್ಬಿಣ ನೋಡ್ರಿ, ಈಗೆಲ್ಲಿ ಸಿಗತದ!'
ನಾ ಏನೂ ಅನಲಿಲ್ಲ.
ಗೂಡ್ಸ್ ಹಾಯತಿತ್ತು, ಐವತ್ತೆಂಟು ಡಬ್ಬಿ.
ಅದರ ನಡುಕ ನೆಲದಿಂದ ಏರಿ
ಹಲಗಿಯೊಳಗ ಹಾದು
ಅಂಗಾಲಿಗೆ ಬಂದು ನಿಂತಿತು.

ಗೇಟ್ ಎದ್ದಿತು. 'ಹಿಡಕೋರಿ ಕಾಕಾ' ಅಂದ್ರು ಬಾಯಿ.
ಸೀಟಿನ ಕೆಳಗ ಕೈ ಇಳಿಬಿಟ್ಟು
ನನ್ನ ಹಲಗಿನ ಹಿಡಕೊಂಡೆ.